ನೋಟು ಬಿಟ್ಟವನಿಗೆ ನೋಟೀಸು

(2025ರ ಜುಲೈ. ಕುರುಗೋಡು, ದೊಡ್ಡಬಸವೇಶ್ವರ ಗುಡಿ ಹಾದಿಯ ಮಿರ್ಚಿ ಬಂಡಿ.)

ಮೇಷ್ಟ್ರು: ಸ್ಕ್ಯಾನರ್ ಎಲ್ಲಿ ಅಜ್ಜಾ?

ಅಜ್ಜ: ಎಣ್ಣಿ ಒರೆಸಾಕ ತೆಗೆದೀನ್ರಿ. ರೊಕ್ಕಾನ ಕೊಡ್ರಿ.

ಮೇಷ್ಟ್ರು: ವಾಣಿಜ್ಯ ತೆರಿಗೆ ನೋಟೀಸು ನಿನಗೂ ಬಂತಾ?

ಅಜ್ಜ: ಬಂತ್ರಿ. ನೋಟು ಬಿಡು, ಫೋನಿನ್ಯಾಗ ತಗೋ ಅಂದ್ರು, ತಗೊಂಡೆ. ಈಗ ನಾಕು ವರ್ಷದ್ದು ಕೂಡಿಸಿ ಕ್ಷೇಮ ವಿಚಾರಿಸ್ಯಾರ.

ಮೇಷ್ಟ್ರು: ವರ್ಷಕ್ಕ ಸರಕಿನ ವಹಿವಾಟು 40 ಲಕ್ಷ, ಸೇವೆದ್ದು 20 ಲಕ್ಷ ದಾಟಿದ್ರ ಜಿಎಸ್‌ಟಿ ನೋಂದಣಿ ಬೇಕು.

ಅಜ್ಜ: ಅಳಿಯ ಸಾಲ ತೀರಿಸಿದ್ದು, ಚೀಟಿ ಎತ್ತಿದ್ದು ಎಲ್ಲಾ ಆ ಫೋನಿನ ಲೆಕ್ಕದಾಗ ಐತಿ. ಅದೂ ಮಿರ್ಚೀನೇನ್ರಿ?

ತರಕಾರಿ ಅಕ್ಕ: ಹಾವೇರ್ಯಾಗ ತರಕಾರಿ ಮಾರೋನಿಗೆ 29 ಲಕ್ಷ ಕಟ್ಟು ಅಂದ್ರಂತ. ತಾಜಾ ತರಕಾರಿಗೆ ತೆರಿಗೀನ ಇಲ್ವಲ್ರಿ?

ಅಜ್ಜ: ನೋಟೀಸು ಮುಟ್ಟೋದ್ರಾಗ ಬಾಡಿದ್ವೇನೋ!

ಮೇಷ್ಟ್ರು: ನೀ ಲೆಕ್ಕ ಬರದಿಟ್ಟೀಯಾ?

ಅಜ್ಜ: ಬರದಿದ್ನಿ. ಆ ಹಾಳ್ಯಾಗ ಮಿರ್ಚಿ ಕಟ್ಟಿಕೊಟ್ಟೆ. ನೀವೇ ಒಯ್ದ್ರಿ.

ಮೇಷ್ಟ್ರು: ಈ ನೋಟೀಸನ್ನರ ಹರದು ಕಟ್ಟಬ್ಯಾಡ ಮಾರಾಯ. ನೋಟೀಸು ಅಂದ್ರ ಪ್ರಶ್ನೆ, ಶಿಕ್ಷೆ ಅಲ್ಲ. ಬ್ಯಾಂಕಿನ ಲೆಕ್ಕ ಹಚ್ಚಿ, ವಾಯ್ದೆದೊಳಗ ಉತ್ತರ ಬರಿ. ಸುಮ್ನ ಕುಂತ್ರ ಅವರು ಹಾಕಿದ್ದೇ ಲೆಕ್ಕ.