ಹೊಗೆಗೆ ಯಾವ ತಾಲ್ಲೂಕು?

ರೊಬಸ್ಟಾ ಕುಯ್ಲು ಮುಗಿಯುವ ಹೊತ್ತಿಗೆ ನಮ್ಮ ಸಕಲೇಶಪುರ ಸೀಮೆಯಲ್ಲಿ ಕಣ್ಣು ತಾನಾಗಿ ಗುಡ್ಡದ ಕಡೆ ಹೋಗುತ್ತದೆ. ಹುಲ್ಲು ಒಣಗಿ ನಿಂತಿರುತ್ತದೆ, ಹೂಮಳೆ ಇನ್ನೂ ಬಂದಿರುವುದಿಲ್ಲ. ನೆನ್ನೆ ಸಂಜೆ ಕಣದಲ್ಲಿ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಿದ್ದೆ. ಬೇಲಿಯಾಚೆಯಿಂದ ಪಕ್ಕದ ತೋಟದ ಅಣ್ಣ ಕೂಗಿದರು: "ಅಗೋ, ಯಸಳೂರು ಕಡೆ ಹೊಗೆ ಏಳ್ತಾ ಇದೆ ನೋಡಿ. ನಮ್ಮದೋ, ಸೋಮವಾರಪೇಟೆಯೋರದೋ?"

ಅವರೇ ಅಲ್ಲಿನ ನೆಂಟರಿಗೆ ಫೋನ್ ಮಾಡಿದರು. ಗದ್ದೆಯ ಕೂಳೆ ಸುಡುತ್ತಿದ್ದಾರಂತೆ, ಜನ ಪಕ್ಕದಲ್ಲೇ ಇದ್ದಾರಂತೆ. ಇಬ್ಬರಿಗೂ ಉಸಿರು ಬಂತು. ಆದರೆ ಅವರ ಪ್ರಶ್ನೆ ನನ್ನನ್ನು ಬಿಡಲಿಲ್ಲ. "ಅಣ್ಣ, ಹೊಗೆಗೆ ತಾಲ್ಲೂಕು ಗೊತ್ತಾಗುತ್ತಾ?" ಅಂದೆ.

ನಾವಿರುವ ಜಾಗವೇ ಅಂಥದ್ದು. ಹಾನಬಾಳು ದಾಟಿದರೆ ಮೂಡಿಗೆರೆ, ಅಂದರೆ ಚಿಕ್ಕಮಗಳೂರು ಜಿಲ್ಲೆ. ಯಸಳೂರು ದಾಟಿದರೆ ಕೊಡಗು. ಶಿರಾಡಿ ಘಾಟಿ ಇಳಿದರೆ ದಕ್ಷಿಣ ಕನ್ನಡ. ಆಲೂರಿನ ಕೆಂಚಮ್ಮನ ಹೊಸಕೋಟೆಯವರಿಗೂ ಸಕಲೇಶಪುರದವರಿಗೂ ಸಂತೆ, ಜಾತ್ರೆ, ನೆಂಟಸ್ತನ ಎಲ್ಲಾ ಒಂದೇ. ಕಾಗದದಲ್ಲಿ ಮಾತ್ರ ತಾಲ್ಲೂಕು ಎರಡು.

ಹೋದ ವರ್ಷ ಗಡಿಯ ಊರೊಂದರಲ್ಲಿ ನಮ್ಮ ನೆಂಟರ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಫೋನ್ ಹಿಡಿದವನಿಗೆ ಊರಿನ ಹೆಸರು ಹೇಳಲು ಬಂತು, ಹೋಬಳಿ ಹೇಳಲು ಬಾಯಿ ಬರಲಿಲ್ಲ. ಫೈರ್ ಠಾಣೆಯ ಕಡೆಯಿಂದ, "ಅದು ನಮಗೆ ಬರಲ್ಲ, ಪಕ್ಕದ ತಾಲ್ಲೂಕಿನ ಠಾಣೆಗೆ ಮಾಡಿ." ಆ ಠಾಣೆಯ ನಂಬರ್ ಯಾರ ಬಳಿಯೂ ಇರಲಿಲ್ಲ. ಫೈರ್ ಬಂಡಿ ಬಂದಾಗ ಬಣವೆ ಬೂದಿಯಾಗಿತ್ತು. ಪಕ್ಕದ ತೋಟದವರು ಸ್ಪ್ರಿಂಕ್ಲರ್ ಪೈಪು ಎಳೆದು ನೀರು ಬಿಟ್ಟಿದ್ದರಿಂದ ಕೊಟ್ಟಿಗೆ ಉಳಿಯಿತು, ದನ ಉಳಿದವು.

"ಅಮೆರಿಕದಲ್ಲಿ ಇದನ್ನೆಲ್ಲಾ ಸರಿ ಮಾಡಿದಾರಂತಲ್ಲ," ಅಂದರು ಅಣ್ಣ. ಹೌದು, ಅಲ್ಲಿ ಊರೂರಿಗೆ ಬೇರೆ ಬೇರೆ ಅಗ್ನಿಶಾಮಕ ದಳ. ಅದಕ್ಕೇ ನೆರೆಯ ಊರುಗಳು ಕೂಡಿ, ಎಲ್ಲರ ಕರೆಯನ್ನೂ ಒಂದೇ ಕೋಣೆಯಲ್ಲಿ ಕೇಳಿ, ಹತ್ತಿರದ ಬಂಡಿಯನ್ನು ಕಳಿಸುವ ಏರ್ಪಾಡು ಮಾಡಿಕೊಳ್ಳುತ್ತವೆ. ನಮ್ಮ ಕೆಲಸ ಅದಕ್ಕಿಂತ ಸುಲಭ. ಕರ್ನಾಟಕಕ್ಕೆಲ್ಲ ಒಂದೇ ಇಲಾಖೆ, 1964ರ ಒಂದೇ ಕಾಯ್ದೆ. ಮೂಡಿಗೆರೆಯ ಬಂಡಿಯೂ ಸೋಮವಾರಪೇಟೆಯ ಬಂಡಿಯೂ ಸಕಲೇಶಪುರದ ಬಂಡಿಯೂ ಒಂದೇ ಮನೆಯವು. 2019ರಲ್ಲಿ 112 ಕೂಡ ಬಂತು. ಪೊಲೀಸ್, ಬೆಂಕಿ, ಆಂಬುಲೆನ್ಸ್ ಮೂರಕ್ಕೂ ಆ ಒಂದು ನಂಬರ್ ಸಾಕು. ಹಳೆಯ 101, 108 ಕೂಡ ಇದ್ದೇ ಇವೆ.

ಇಂಥ ನಂಬರ್ ಹುಟ್ಟಿದ್ದೂ ಪಕ್ಕದ ಮನೆಯವರಿಂದ. 1935ರಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಗೆ ಬೆಂಕಿ ಬಿತ್ತು. ನೆರೆಯವರೊಬ್ಬರು ಫೋನ್ ಮಾಡಿದರೆ ಎಕ್ಸ್‌ಚೇಂಜಿನಲ್ಲಿ ಆ ಕರೆ ಮಿಕ್ಕ ಕರೆಗಳ ಸಾಲಿನಲ್ಲೇ ಕಾಯುತ್ತಿತ್ತು. ಐದು ಹೆಂಗಸರು ತೀರಿಕೊಂಡರು. ಆ ನೆರೆಯವರು ಪತ್ರಿಕೆಗೆ ಬರೆದರು; 1937ರಲ್ಲಿ 999 ಶುರುವಾಯಿತು.

"ಶಿರಾಡಿಯಲ್ಲಾದರೆ ಏನ್ ಮಾಡೋದು?" ಅಂತ ಅಣ್ಣ ಕೇಳಿದರು. ನನಗೆ ಹೆಚ್ಚು ಭಯ ಅಲ್ಲೇ. 2013ರ ಏಪ್ರಿಲ್‌ನಲ್ಲಿ ಘಾಟಿ ಇಳಿಯುವ ಇದೇ ಹೆದ್ದಾರಿಯ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಹೊತ್ತಿಕೊಂಡು ಜೀವಗಳು ಹೋದವು. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿದು ರಸ್ತೆಯೇ ಮುಚ್ಚಿತು. ಮಾರನಹಳ್ಳಿಯ ಕೆಳಗೆ ಒಂದು ಲಾರಿ ಅಡ್ಡ ನಿಂತರೆ ಹಿಂದೆ ಕಿಲೋಮೀಟರುಗಟ್ಟಲೆ ಲಾರಿ ಸಾಲು. ಸಕಲೇಶಪುರದ ಬಂಡಿ ಆ ಸಾಲಿನ ಬಾಲದಲ್ಲೇ ನಿಲ್ಲಬೇಕು. ಅದಕ್ಕೇ ಘಾಟಿಯಿಂದ ಕರೆ ಬಂದ ಕೂಡಲೇ ಮೇಲಿನಿಂದಲೂ, ಕೆಳಗೆ ಪುತ್ತೂರು ಕಡೆಯಿಂದಲೂ ಒಟ್ಟಿಗೆ ಹೊರಡಬೇಕು. ಯಾವುದು ಮೊದಲು ಮುಟ್ಟುತ್ತದೋ ಅದು ಕೆಲಸ ಶುರು ಮಾಡಲಿ. ಒಂದು ಬಂಡಿ ಸುಮ್ಮನೆ ವಾಪಸ್ ಬಂದರೆ ಹೋಗುವುದು ಡೀಸೆಲ್ ಅಷ್ಟೆ.

ಕಾಡಿನ ಬೆಂಕಿಯದ್ದಂತೂ ನೆನೆಸಿಕೊಂಡರೆ ಹೊಟ್ಟೆ ಸಂಕಟ. 2023ರ ಫೆಬ್ರವರಿಯಲ್ಲಿ ಕಾಡುಮನೆ ಕಡೆ ಬೆಂಕಿ ಆರಿಸಲು ಹೋದ ಅರಣ್ಯ ಇಲಾಖೆಯ ಹುಡುಗನೊಬ್ಬ ಸುಟ್ಟಗಾಯದಿಂದ ತೀರಿಕೊಂಡ. ಆ ಇಳಿಜಾರಿಗೆ ಬಂಡಿ ಹತ್ತುವುದಿಲ್ಲ; ಹಸಿ ಸೊಪ್ಪು ಹಿಡಿದು ಬಡಿಯುವ ಕೈಗಳೇ ಬೇಕು. ಅಂಥ ಕಡೆ ಫೈರ್‌ನವರು, ಅರಣ್ಯದವರು, ತೋಟದವರು ಮೂವರಿಗೂ ಒಂದೇ ಗಳಿಗೆಯಲ್ಲಿ ಸುದ್ದಿ ಮುಟ್ಟಬೇಕು.

ಆಗದ ಮಾತೇನಲ್ಲ. ಆನೆ ಯಾವ ತೋಟದಲ್ಲಿದೆ ಅಂತ ನಮಗೆ ಮೊಬೈಲಿಗೆ ಮೆಸೇಜ್ ಬರುತ್ತದೆಯಲ್ಲ! ಆಲೂರಿನ ಆನೆ, ಸಕಲೇಶಪುರದ ಆನೆ ಅಂತ ಯಾರೂ ವಿಂಗಡಿಸುವುದಿಲ್ಲ. ಆನೆಗೆ ಕೊಟ್ಟ ಬುದ್ಧಿಯನ್ನು ಬೆಂಕಿಗೂ ಕೊಡಿ ಅಂತಲೇ ನಾನು ಕೇಳುವುದು.

ಅಣ್ಣ ಕತ್ತಿ ಹೆಗಲಿಗೇರಿಸಿ, "ನಮ್ಮ ಕಡೆಯಿಂದ ಏನಾಗಬೇಕು?" ಅಂದರು. ಊರು, ಹೋಬಳಿ, ತಾಲ್ಲೂಕು, ಹತ್ತಿರದ ಶಾಲೆ ಇಲ್ಲವೇ ದೇವಸ್ಥಾನ, ಇಷ್ಟನ್ನು ಫೋನಿನ ಪಕ್ಕ ಗೋಡೆಗೆ ಬರೆದಿಡೋಣ, ಆಳುಮಕ್ಕಳಿಗೂ ಹೇಳಿಕೊಡೋಣ. ಕರೆ ಮಾಡಿದ ಮೇಲೆ ಒಬ್ಬ ಬ್ಯಾಟರಿ ಹಿಡಿದು ಟಾರು ರಸ್ತೆಯ ತಿರುವಿನಲ್ಲಿ ನಿಲ್ಲಲಿ. ತೋಟದ ಕೆರೆಗೆ ಬಂಡಿ ಇಳಿಯುವಷ್ಟು ದಾರಿ ಸವರಿಡೋಣ. ನಮ್ಮ ಕೆರೆಯ ದಾರಿಯನ್ನು ಈ ಭಾನುವಾರ ಇಬ್ಬರೂ ಸೇರಿ ಸವರುವುದು ಅಂತಾಯಿತು.

ಗಡಿಯ ಊರುಗಳಿಗೆ ಯಾವ ಠಾಣೆ ಹತ್ತಿರವೋ ಅದೇ ಮೊದಲು ಬರಲಿ ಎಂಬುದನ್ನು ಮಾತ್ರ ಇಲಾಖೆಯೇ ಬರೆದು ಕೊಡಬೇಕು. ನಿಮ್ಮ ಊರು ಗಡಿಯಲ್ಲಿದ್ದರೆ ಈ ಸಲದ ಗ್ರಾಮಸಭೆಯಲ್ಲಿ ಈ ಮಾತು ಎತ್ತಿ, ನಡಾವಳಿಯಲ್ಲಿ ಬರೆಸಿ.