ಎಣಿಸ್ರಿ ಗೌಡ್ರ

ಕೊಟ್ಟೂರು ಸೀಮೆಯ ಒಂದು ಠಾಣೆ. ಗೌಡರ ಕೈಯಾಗಿನ ಮನವಿ ಪತ್ರಕ್ಕೆ ಮಿರ್ಚಿ ಎಣ್ಣೆ ಹತ್ತಿತ್ತು.

"ದಫೇದಾರ್ರ, ಹುಡುಗ್ರು ಗಾಂಜಾಕ್ಕ ಬಿದ್ದಾರ. ಪೊಲೀಸ್ರನ್ನ ಜಾಸ್ತಿ ಕೊಡ್ರಿ."

"ಇದ್ದವ್ರನ್ನ ಎಣಿಸ್ರಿ ಗೌಡ್ರ. ಒಬ್ಬ ಕೋರ್ಟಿಗೆ, ಒಬ್ಬ ಸಮನ್ಸಿಗೆ, ಇಬ್ಬರು ಮೈಲಾರದ ಕಾರಣಿಕಕ್ಕ, ಉಳಿದವ್ರು ಕೊಟ್ಟೂರೇಶ್ವರನ ತೇರಿಗೆ."

"ನೀವು?"

"ಇವ್ರೆಲ್ಲ ಎಲ್ಲಿಗೆ ಹೋದ್ರಂತ ಬರೀತೀನಿ."

"ಗಾಂಜಾ ಹಿಡಿಯೋರು?"

"ಸುಲಭ ಏನ್ರಿ? 1985ರ ಮಾದಕವಸ್ತು ಕಾಯ್ದೆ! 1 ಕೆಜಿ ಒಳಗ ಸಣ್ಣ ಪ್ರಮಾಣ, 20 ದಾಟಿದ್ರ ವಾಣಿಜ್ಯ. ತೂಗಬೇಕು, ಪಂಚರು ಬೇಕು. ಆಸಾಮಿ ಕೇಳಿದ್ರ ಜೇಬು ತಡಕಾಕ ಗೆಜೆಟೆಡ್ ಅಧಿಕಾರಿ ಇಲ್ಲಾ ಮ್ಯಾಜಿಸ್ಟ್ರೇಟ್ ಮುಂದ ಒಯ್ಯಬೇಕು."



"ಅಲ್ಲೀತನ ಹುಡುಗ ಕೂತಿರ್ತಾನ?"

"ಸೇದಿದ್ರ ಕೂತಿರ್ತಾನ."

"ಹರಪನಹಳ್ಳಿಯಿಂದರ ಕರೆಸ್ರಿ."

"ಅದು ದಾವಣಗೆರೆ ಬಿಟ್ಟು ಬಳ್ಳಾರಿಗೆ ಬಂತು, 2021ರಾಗ ವಿಜಯನಗರಕ್ಕ. ಬೋರ್ಡ್ ಬರಿಯೋನಿಗೇ ಪುರಸೊತ್ತಿರಲಿಲ್ಲ."

"ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ?"

"ಅವ್ರು ನಮ್ಮನ್ನ ಕೇಳಾಕತ್ತಾರ."

"ಈ ಮನವಿನರ ಎಸ್ಪಿ ಸಾಹೇಬ್ರಿಗೆ ಮುಟ್ಟಿಸ್ತೀರಾ?"

"ಆಳಿಲ್ರಿ. ನೀವ ಹೊಸಪೇಟೆ ಬಸ್ ಹತ್ರಿ. ಅಲ್ಲ, ತಡೀರಿ, ಇಲ್ಲೇ ಕೂಡ್ರಿ. ಫೋನ್ ಬಂದ್ರ ಎತ್ತ್ರಿ. ನಾ ಚಾ ಕುಡ್ದು ಬರ್ತೀನಿ."