ಪ್ರಾಜೆಕ್ಟ್ ರಾಯರ ಒಂಬತ್ತನೆಯ ಫೈಲು

ಬಿಟಿಎಂ ಲೇಔಟಿನಲ್ಲಿ ಯಾವ ಅಂಗಡಿಯ ಶಟರ್ ಮೇಲೆ ‘ಬಾಡಿಗೆಗೆ ಇದೆ’ ಎಂದು ಬಿದ್ದರೂ ಮೊದಲ ಫೋನು ಪ್ರಾಜೆಕ್ಟ್ ರಾಯರದು. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಬೋರ್ ನೀರೋ ಕಾವೇರಿಯೋ, ಕರೆಂಟ್ ಲೋಡು ಎಷ್ಟು ಕಿಲೋವ್ಯಾಟು, ಹಿಂದಿನವನು ಯಾಕೆ ಖಾಲಿ ಮಾಡಿದ, ಎಲ್ಲವನ್ನೂ ವಿಚಾರಿಸಿ ‘ತಿಳಿಸ್ತೀನಿ’ ಎಂದು ಇಡುತ್ತಾರೆ. ಬ್ರೋಕರುಗಳ ಫೋನಿನಲ್ಲಿ ಅವರ ಹೆಸರು ‘ಬರೀ ಕೇಳೋ ಅಂಕಲ್’.

ರಾಯರು ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದು ವಿಆರ್‌ಎಸ್ ತೆಗೆದುಕೊಂಡವರು. ಸರ್ವಿಸ್ ಪೂರ್ತಿ ಬೇರೆಯವರ ಪ್ರಾಜೆಕ್ಟ್ ರಿಪೋರ್ಟ್‌ಗಳ ಅಂಚಿನಲ್ಲಿ ಕೆಂಪು ಇಂಕಿನ ಪ್ರಶ್ನೆಚಿಹ್ನೆ ಹಾಕಿದ ಕೈ ಅದು. ಈಗ ಸ್ವಂತ ಉದ್ಯಮ ಮಾಡುವ ಆಸೆ. ತೊಂದರೆ ಏನೆಂದರೆ, ಬೆಳಗ್ಗೆ ಅವರು ಅರ್ಜಿದಾರರು. ಊಟ ಮಾಡಿ ಒಂದು ನಿದ್ದೆ ತೆಗೆದು ಎದ್ದರೆ ಮ್ಯಾನೇಜರು. ಬೆಳಗಿನ ರಾಯರು ಬರೆದ ಯೋಜನೆ ಸಂಜೆಯ ರಾಯರ ಕೈಯಲ್ಲಿ ಪಾಸಾದ ಉದಾಹರಣೆ ಇಲ್ಲ. ಎಂಟು ಫೈಲು ಹೀಗೇ ಹೋದವು. ಪಿಜಿ ಹಾಸ್ಟೆಲು ಟ್ಯಾಂಕರ್ ನೀರಿನ ಖರ್ಚಿನಲ್ಲಿ ಮುಳುಗಿತು. ಲಾಂಡ್ರಿ, ಜೆರಾಕ್ಸ್, ಎಳನೀರು ಬಾಟಲಿ ಯಾವುದಕ್ಕೂ ಡಿಎಸ್‌ಸಿಆರ್ ಒಂದೂವರೆ ಮುಟ್ಟಲಿಲ್ಲ. ವರ್ಷಕ್ಕೆ ಕೈಗೆ ಬರುವ ಹಣ ಸಾಲದ ಕಂತು ಬಡ್ಡಿಗಿಂತ ಎಷ್ಟು ಪಟ್ಟು ಎನ್ನುವ ಲೆಕ್ಕ ಇದು. ಮದುವೆ ಮನೆಯಲ್ಲಿ ವರ ಫ್ಲ್ಯಾಟ್ ಕೊಂಡಿದ್ದಾನೆ ಎಂದರೂ ರಾಯರು ಇದನ್ನೇ ಕೇಳುತ್ತಾರೆ.

ಒಂಬತ್ತನೆಯದು ದರ್ಶಿನಿ. ನಿಂತು ತಿನ್ನುವ ಈ ಪದ್ಧತಿ 1983ರಲ್ಲಿ ಪಕ್ಕದ ಜಯನಗರದಲ್ಲೇ ಶುರುವಾದದ್ದು, ಇಲ್ಲಿ ಓಡದೆ ಇರುತ್ತದೆಯೇ ಎಂದು ಬೆಳಗಿನ ರಾಯರು ವಾದಿಸಿದರು. ಜನ ಎಣಿಸಲು ಉಡುಪಿ ಗಾರ್ಡನ್ ಸಿಗ್ನಲ್ ಹತ್ತಿರ ಏಳು ಗಂಟೆಗೇ ನಿಂತರು. ಕೈಯಲ್ಲಿ ಹೆಂಡತಿಯ ಜಪದ ಕೌಂಟರು. ಬ್ಯಾಗು ಹೊತ್ತ ಪಿಜಿ ಹುಡುಗ ಹಾದರೆ ಒಂದು ಒತ್ತು. ದೇವಸ್ಥಾನಕ್ಕೆ ಹೊರಟಿದ್ದ ಅಜ್ಜಿಯೊಬ್ಬರು ನೋಡಿ ಕೈ ಮುಗಿದು, ‘ಎಷ್ಟು ಲಕ್ಷ ಆಯ್ತು ರಾಯರೇ?’ ಎಂದರು. ‘ಇನ್ನೂ ಎರಡು ಸಾವಿರದ ನೂರು’ ಎಂದು ರಾಯರು ಕಣ್ಣು ತೆಗೆಯದೆ ಹೇಳಿದರಂತೆ.

ಲೆಕ್ಕ ಮಾತ್ರ ಅಚ್ಚುಕಟ್ಟು. ಬಾಡಿಗೆ 60,000, ಸಂಬಳ 90,000, ಕರೆಂಟು ನೀರು ಇತರೆ 30,000. ತಿಂಗಳಿಗೆ 1,80,000 ಕೂತಲ್ಲೇ ಖರ್ಚು. ಇಡ್ಲಿ ವಡೆ ಪ್ಲೇಟಿಗೆ 50 ರೂಪಾಯಿ, ಅದರಲ್ಲಿ ಸಾಮಾನು, ಗ್ಯಾಸು ಕಳೆದರೆ 30. ಅಂದರೆ ದಿನಕ್ಕೆ 200 ಪ್ಲೇಟು ಹೋದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 201ನೆಯ ಪ್ಲೇಟು ರಾಯರದು. ಹತ್ತು ತಿಂಗಳ ಅಡ್ವಾನ್ಸ್ ಆರು ಲಕ್ಷ ಓನರ್ ಹತ್ತಿರ ಬಡ್ಡಿಯಿಲ್ಲದೆ ಮಲಗಿರುತ್ತದೆ, ಅದರ ಬಡ್ಡಿ ಯಾರು ಕೊಡುತ್ತಾರೆ ಎಂದು ಸಂಜೆಯ ರಾಯರು ಕೇಳಿದರು. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿತ್ತಲ್ಲ, ಆಗ ಸಾಂಬಾರಿಗೇನು ಹಾಕುತ್ತಿದ್ದೆ ಎಂದೂ ಕೇಳಿದರು. ಸರ್ಕಾರದ ಪಿಎಂಇಜಿಪಿ ಯೋಜನೆಯ ಸಬ್ಸಿಡಿ ಬರುತ್ತದೆ ಎಂದು ಬೆಳಗಿನವರು ಸಮಾಧಾನ ಹೇಳಿದರೆ, ‘ಬಂದರೂ ಮೂರು ವರ್ಷ ಬ್ಯಾಂಕಿನಲ್ಲೇ ಲಾಕು, ನನಗೆ ಹೇಳಬೇಡ’ ಎಂದು ಗದರಿದರು.

ಎಲ್ಲ ನಿಂತಿದ್ದು ಮೆಟ್ರೊ ಮೇಲೆ. ‘ಹಳದಿ ಮಾರ್ಗ ಆರಂಭ’ ಎಂಬ ಎಕ್ಸೆಲ್ ಖಾನೆಯಲ್ಲಿ ರಾಯರು ವರ್ಷ ತಿದ್ದಿ ತಿದ್ದಿ ಕೀಬೋರ್ಡಿನ ಅಂಕಿ ಸವೆದವು. ಕೊನೆಗೆ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ರಾಯರ ಅಂದಾಜು ಐದು ನಿಮಿಷಕ್ಕೊಂದು ರೈಲು. ಬಂದದ್ದು ಮೂರೇ ರೈಲು, ಇಪ್ಪತ್ತೈದು ನಿಮಿಷಕ್ಕೊಂದು. ಗಿರಾಕಿ ಐದರಲ್ಲಿ ಒಂದು ಪಾಲಾದರು. ಬಾಡಿಗೆ ಮಾತ್ರ ಐದು ನಿಮಿಷದ ರೈಲಿನ ಲೆಕ್ಕದಲ್ಲೇ ಏರಿತು. ಇದನ್ನೂ ತಿದ್ದಿ ಮುಗಿಸುವಷ್ಟರಲ್ಲಿ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ‘ಬಿಬಿಎಂಪಿ ಟ್ರೇಡ್ ಲೈಸೆನ್ಸ್’ ಎಂದು ಎಲ್ಲೆಲ್ಲಿ ಬರೆದಿದ್ದರೋ ಅಲ್ಲೆಲ್ಲ ಮತ್ತೆ ಕೆಂಪು ಇಂಕು.

ಅಷ್ಟರಲ್ಲಿ ರಾಯರು ಕೌಂಟರ್ ಹಿಡಿದು ನಿಂತಿದ್ದ ಜಾಗದಲ್ಲೇ ಹಾಸನದ ಕಡೆಯ ಹುಡುಗನೊಬ್ಬ ಸ್ಕೂಟರಿನ ಹಿಂದೆ ಡಬ್ಬ ಕಟ್ಟಿಕೊಂಡು ಚಿತ್ರಾನ್ನ, ಇಡ್ಲಿ ಮಾರತೊಡಗಿದ್ದ. ಇಲ್ಲೇ ಯಾಕಪ್ಪ ಎಂದರೆ, ‘ನೀವು ಅಷ್ಟು ಓದಿರೋರು ಇಲ್ಲಿ ನಿಂತು ಎಣಿಸ್ತಿದ್ರಲ್ಲ ಸಾರ್, ಏನೋ ಇರುತ್ತೆ ಅಂದ್ಕೊಂಡೆ’ ಎಂದ. ರಾಯರಿಗೆ ಕೋಪ ಬರಲಿಲ್ಲ. ತಮ್ಮ ಸಮೀಕ್ಷೆ ಸರಿಯಿತ್ತು ಎಂದು ಒಂದು ಪ್ಲೇಟು ತಿಂದು, ದುಡ್ಡು ಕೊಟ್ಟು, ಸವಕಳಿ ಲೆಕ್ಕ ಇಟ್ಟಿದ್ದೀಯಾ ಎಂದು ಕೇಳಿ ಬಂದರು.

ನಾವು ನಕ್ಕರೆ ರಾಯರು ವಿಶ್ವೇಶ್ವರಯ್ಯನವರನ್ನು ಕರೆತರುತ್ತಾರೆ. 1934ರಲ್ಲೇ ದೇಶಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದವರು ಅವರು. ಪುಸ್ತಕಕ್ಕೆ ಮೊದಲೇ ಕನ್ನಂಬಾಡಿ ಕಟ್ಟೆ ಎದ್ದು ನಿಂತಿತ್ತು ಎನ್ನುವುದನ್ನು ಹಿರಿಯರ ಎದುರಿಗೆ ನಾವು ಹೇಳುವುದಿಲ್ಲ.

ನಿಜ ಹೇಳಬೇಕೆಂದರೆ, ರಾಯರ ಕೆಂಪು ಇಂಕು ಪೂರ್ತಿ ವ್ಯರ್ಥವೂ ಅಲ್ಲ. ಅವರ ಅಣ್ಣನ ಮಗ ಸಾಫ್ಟ್‌ವೇರ್ ಕೆಲಸ ಬಿಟ್ಟು ಟೀ ಫ್ರಾಂಚೈಸಿ ಹಾಕುತ್ತೇನೆಂದು ಬಂದಿದ್ದ. ‘ಚಿಕ್ಕಪ್ಪ, ಕಂಪನಿಯವರೇ ಎಲ್ಲ ನೋಡ್ಕೋತಾರೆ.’ ರಾಯಲ್ಟಿ ಲಾಭದ ಮೇಲೋ, ಮಾರಾಟದ ಮೇಲೋ ಎಂದು ರಾಯರು ಒಂದೇ ಪ್ರಶ್ನೆ ಕೇಳಿದರು. ಮಾರಾಟದ ಮೇಲೆ. ‘ಹಾಗಾದ್ರೆ ನೀನು ನಷ್ಟದಲ್ಲಿದ್ರೂ ಅವರು ಲಾಭದಲ್ಲಿರ್ತಾರೆ, ಅಲ್ವೇನೋ?’ ಹುಡುಗ ಸೋಮವಾರ ಆಫೀಸಿಗೆ ಹೋದ. ತಾವರೆಕೆರೆ ಮುಖ್ಯರಸ್ತೆಯಲ್ಲಿ ವರ್ಷವೂ ಬದಲಾಗುವ ಬೋರ್ಡುಗಳನ್ನು ನೋಡಿದರೆ ಈ ಪ್ರಶ್ನೆ ಇನ್ನೂ ನಾಲ್ಕು ಜನರಿಗೆ ತಲುಪಬೇಕಿತ್ತು ಅನ್ನಿಸುತ್ತದೆ.

ಮನೆಯಲ್ಲಿ ಇನ್ನೊಂದು ವ್ಯವಹಾರ ಸದ್ದಿಲ್ಲದೆ ನಡೆಯುತ್ತಿತ್ತು. ರಾಯರ ಹೆಂಡತಿ ಸಾರಿನ ಪುಡಿ, ಚಟ್ನಿಪುಡಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಆರ್ಡರ್ ತೆಗೆದುಕೊಳ್ಳುತ್ತಿದ್ದರು. ರಿಪೋರ್ಟೂ ಇಲ್ಲ, ಸಾಲವೂ ಇಲ್ಲ. ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನ ಗೀಟು. ದರ್ಶಿನಿ ಫೈಲು ಮುಚ್ಚಿದ ವಾರ ರಾಯರು ಅದನ್ನು ಪರಿಶೀಲಿಸಿ ಘೋಷಿಸಿದರು:

‘ಇದು ನಡೆಯಲ್ಲ ಕಣೇ. ನಿನ್ನ ಕೂಲೀನೇ ಹಾಕಿಲ್ಲ. ಅದು ಸೇರಿಸಿದ್ರೆ ಕಿಲೋಗೆ ನಲವತ್ತು ರೂಪಾಯಿ ನಷ್ಟ.’

‘ಹೌದಾ? ನನ್ನ ಕೂಲಿ ಎಷ್ಟು ಹಾಕಿದ್ರಿ?’

‘ಗಂಟೆಗೆ ನೂರು.’

‘ಸರಿ. ಹಾಗಾದ್ರೆ ಆ ಅಡುಗೆಮನೇದು ಪೂರ್ತಿ ಲೆಕ್ಕ ಹಾಕಿಬಿಡಿ. ಮದುವೆ ಆದ ದಿನದಿಂದ.’

ಈಗ ಪುಡಿ ಹುರಿಯುವ ಹಿಂದಿನ ದಿನ ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಬಿಡಿಸುವುದು ರಾಯರ ಕೆಲಸ. ಕೂಲಿಯ ಮಾತನ್ನು ಇಬ್ಬರೂ ಎತ್ತಿಲ್ಲ.